ಕೋವಿಡ್ ನಡುವೆ ತಂಗಿಯ ಚಿಕಿತ್ಸೆಗೆ ಜರ್ಮನಿಗೆ ಹೋದ ಅನುಭವ

ನನ್ನ ತಂಗಿಗೆ ಬಂದಿದ್ದು ಕಾರ್ಡೋಮಾ ಅನ್ನೋ ಗಡ್ಡೆ. ತಲೆಬುರುಡೆಯ ತಳದಲ್ಲಿ, ಮೆದುಳಿನ ಕಾಂಡಕ್ಕೆ ಒತ್ತಿಕೊಂಡು ಬೆಳೆದಿತ್ತು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ ಇದು. 2020ರಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ತೆಗೆಯಲು ಆಗಲಿಲ್ಲ. ಉಳಿದದ್ದಕ್ಕೆ ರೇಡಿಯೇಷನ್ ಕೊಡಲೇಬೇಕು, ತಿಂಗಳುಗಟ್ಟಲೆ ಕಾಯೋ ಹಾಗಿಲ್ಲ ಅಂದರು ಡಾಕ್ಟರು.

ಈ ಗಡ್ಡೆಗೆ ಡೋಸ್ ಜಾಸ್ತಿ ಬೇಕು. ಆದರೆ ಪಕ್ಕದಲ್ಲೇ ಕಣ್ಣಿನ ನರ, ಮೆದುಳಿನ ಕಾಂಡ ಇವೆ, ಅವಕ್ಕೆ ಅಷ್ಟು ಡೋಸ್ ತಾಗಬಾರದು. ಅದಕ್ಕೇ ಪ್ರೋಟಾನ್ ಅಥವಾ ಕಾರ್ಬನ್ ಅಯಾನ್ ಕಿರಣ ಕೊಡುತ್ತಾರೆ. ಇವು ಬೇಕಾದ ಆಳಕ್ಕೆ ಹೋಗಿ ಅಲ್ಲೇ ತಮ್ಮ ಶಕ್ತಿಯ ಬಹುಪಾಲು ಬಿಟ್ಟು ನಿಲ್ಲುತ್ತವೆ. ಪ್ರೋಟಾನ್ ಚೆನ್ನೈನಲ್ಲಿ 2019ರಿಂದ ಇದೆ. ನಾವು ಮೊದಲು ವಿಚಾರಿಸಿದ್ದು ಅಲ್ಲೇ. ನೀವೂ ಹಾಗೇ ಮಾಡಿ. ಮೈಸೂರಿಂದ ಒಂದು ರಾತ್ರಿಯ ದಾರಿಯಲ್ಲಿ ಆಗುವ ಕೆಲಸಕ್ಕೆ ಸಮುದ್ರ ದಾಟಬೇಕಿಲ್ಲ. ತಂಗಿಯ ಗಡ್ಡೆ ಕೂತಿದ್ದ ಜಾಗ ನೋಡಿ ಕಾರ್ಬನ್ ವಾಸಿ ಅಂತ ಅವಳನ್ನು ನೋಡುತ್ತಿದ್ದ ಡಾಕ್ಟರುಗಳು ತೀರ್ಮಾನಿಸಿದರು. ಕಾರ್ಬನ್ ಆಗ ಭಾರತದಲ್ಲಿ ಎಲ್ಲೂ ಇರಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 2009ರಿಂದ ಇತ್ತು.

ಹೊರಡುವವರಿಗೆ ನಾನು ಒತ್ತಿ ಹೇಳುವ ಮಾತು ಒಂದೇ: ದಿನಗಳನ್ನು ಹಿಂದಿನಿಂದ ಲೆಕ್ಕ ಹಾಕಿ. ವಿಮಾನ ಯಾವತ್ತಿದೆ ಅಂತ ನೋಡಿ ಶುರು ಮಾಡಬೇಡಿ. ಮೊದಲು ಆಸ್ಪತ್ರೆಯಿಂದ ಚಿಕಿತ್ಸೆ ಶುರುವಾಗುವ ತಾರೀಖು ಪತ್ರದಲ್ಲಿ ಬರೆಸಿಕೊಳ್ಳಿ. ನಮಗೆ ಆಗ ಅದರ ಹಿಂದೆ ಅಲ್ಲಿನ ಕ್ವಾರಂಟೈನ್, ಅದರ ಹಿಂದೆ ವಿಮಾನ, ಅದರ ಹಿಂದೆ ಕೋವಿಡ್ ಟೆಸ್ಟ್, ಅದರ ಹಿಂದೆ ವೀಸಾ ಇದ್ದವು. ಅಡುಗೆಮನೆಯ ಕ್ಯಾಲೆಂಡರ್ ಬಿಚ್ಚಿಕೊಂಡು ಊಟದ ಮೇಜಿನ ಮೇಲೆ ಹರಡಿ, ಪೆನ್ಸಿಲ್‌ನಲ್ಲಿ ಹೀಗೇ ಗುರುತು ಹಾಕಿದೆ. ಪೆನ್ನು ಬೇಡ, ನಿಯಮ ಬದಲಾದಾಗಲೆಲ್ಲ ಅಳಿಸಬೇಕಾಗುತ್ತಿತ್ತು.

ಆ ಪತ್ರ ಸಿಗಬೇಕಾದರೆ ದಾಖಲೆ ಕಳಿಸಬೇಕು. ಸ್ಕ್ಯಾನಿನ ರಿಪೋರ್ಟ್ ಕಾಗದ ಯಾರಿಗೂ ಬೇಡ, ಎಂಆರ್‌ಐ ಚಿತ್ರಗಳಿರುವ ಸಿಡಿ ಬೇಕು. ಆಪರೇಷನ್ ಮಾಡಿದವರು ಬರೆದ ಟಿಪ್ಪಣಿ ಬೇಕು, ಬರೀ ಡಿಸ್ಚಾರ್ಜ್ ಸಮರಿ ಸಾಲದು. ಇವೆಲ್ಲದರ ಜೊತೆ ಗಡ್ಡೆಯ ಚೂರು. ಲ್ಯಾಬಿನವರು ಅದನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಬ್ಲಾಕ್ ಅನ್ನುತ್ತಾರೆ. ಬೆರಳ ತುದಿಯಷ್ಟು ಬಿಳಿ ಮೇಣ, ಮಧ್ಯೆ ಬೂದು ಬಣ್ಣದ ಒಂದು ಮಚ್ಚೆ. ತಂಗಿ ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು. "ಇಷ್ಟೇನಾ ಅಣ್ಣ?" ಅಂದಳು. ಆ ಬ್ಲಾಕ್ ರೋಗಿಯದ್ದು. ಬರೆದು ಕೇಳಿ, ಸಹಿ ಹಾಕಿ ತಗೊಳ್ಳಿ.

ವೀಸಾಗೆ ಆಗ ಸುಮ್ನೆ ಅರ್ಜಿ ಹಾಕುವಂತಿರಲಿಲ್ಲ. ಪ್ರವಾಸಿಗಳಿಗೆ ಬಾಗಿಲು ಮುಚ್ಚಿತ್ತು, ತುರ್ತು ಚಿಕಿತ್ಸೆಯಂಥ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ "ಈ ಚಿಕಿತ್ಸೆ ಇಲ್ಲಿ ಲಭ್ಯವಿಲ್ಲ, ತಡವಾದರೆ ಅಪಾಯ" ಅಂತ ನಮ್ಮ ಡಾಕ್ಟರಿಂದ ಬರೆಸಿದೆವು. ಜೊತೆಗೆ ನಾನು ಯಾಕೆ ಹೋಗಬೇಕು ಅಂತಲೂ ಒಂದು ಪತ್ರ, ಅವಳಿಗೆ ಆಗ ಎರಡೆರಡು ಕಾಣುತ್ತಿತ್ತು, ಒಬ್ಬಳೇ ನಡೆಯುವಂತಿರಲಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆದರೆ ಮೊದಲೇ ಗೊತ್ತುಮಾಡಿಕೊಂಡು ಹೋಗುವ ಚಿಕಿತ್ಸೆಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಆಸ್ಪತ್ರೆ ಅಂದಾಜು ವೆಚ್ಚವನ್ನು ಮುಂಗಡವಾಗಿ ಕೇಳುತ್ತದೆ. ಅಪ್ಪ ಮದ್ದೂರಿನ ಹತ್ತಿರದ ಗದ್ದೆ ಮಾರಿದರು, ನಾನು ಪಿಎಫ್ ತೆಗೆದೆ. ಹೊರಗೆ ಕಳಿಸಲು ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ ಇದೆ. ಬ್ಯಾಂಕಿನಲ್ಲಿ ಎ2 ಫಾರ್ಮ್, ಪ್ಯಾನ್, ಆಸ್ಪತ್ರೆಯ ಅಂದಾಜು ಪತ್ರ ಕೊಟ್ಟರೆ ಆಯಿತು. 2020ರ ಅಕ್ಟೋಬರ್‌ನಿಂದ 7 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ 5 ಟಿಸಿಎಸ್, ಅಂದರೆ ಬ್ಯಾಂಕೇ ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯಲು ಶುರು ಮಾಡಿದ್ದರು. ಅದನ್ನು ಖರ್ಚು ಅಂತ ಬಿಟ್ಟುಬಿಡಬೇಡಿ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ವಾಪಸ್ ಕೇಳಬಹುದು. ಆದರೆ ಹೊರಡುವ ಹೊತ್ತಿಗೆ ಆ ದುಡ್ಡೂ ಕೈಯಲ್ಲಿರಬೇಕು, ಅಲ್ವಾ?

ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು 2020ರ ಮಾರ್ಚ್‌ನಲ್ಲೇ ನಿಂತಿದ್ದವು. ಎರಡು ದೇಶಗಳು ಮಾತಾಡಿಕೊಂಡು ಹಾರಿಸುತ್ತಿದ್ದ ಏರ್ ಬಬಲ್ ವಿಮಾನಗಳಷ್ಟೇ ಗತಿ. ನಾವು ಹೊರಟಿದ್ದು 2021ರ ಜನವರಿ ಕೊನೆಗೆ. ಜರ್ಮನಿ ಆಗಷ್ಟೇ ನಿಯಮ ಬಿಗಿ ಮಾಡಿತ್ತು. ಮೊದಲೇ ಟೆಸ್ಟ್ ಮಾಡಿಸಿಕೊಂಡು ಹೋಗುವವರು ಅಲ್ಲಿ ಇಳಿಯುವ ಹೊತ್ತಿಗೆ ಸ್ವಾಬ್ ಕೊಟ್ಟು 48 ಗಂಟೆ ಮೀರಿರಬಾರದಿತ್ತು. ಲೆಕ್ಕ ರಿಪೋರ್ಟ್ ಬಂದ ಹೊತ್ತಿನಿಂದ ಅಲ್ಲ, ಸ್ವಾಬ್ ತೆಗೆದ ಹೊತ್ತಿನಿಂದ. ಮೈಸೂರಲ್ಲಿ ಸ್ವಾಬ್ ಕೊಟ್ಟು, ರಿಪೋರ್ಟ್‌ಗೆ ಕಾದು, ಏರ್‌ಪೋರ್ಟ್ ತಲುಪಿ, ರಾತ್ರಿಯಿಡೀ ಹಾರಿ ಇಳಿಯುವಷ್ಟರಲ್ಲಿ ಸಮಯ ತೀರುತ್ತಿತ್ತು. ಅದಕ್ಕೇ ಬೆಂಗಳೂರಿನ ನೆಂಟರ ಮನೆಗೆ ಮೊದಲೇ ಹೋಗಿ ಅಲ್ಲೇ ಸ್ವಾಬ್ ಕೊಟ್ಟೆವು. ಲ್ಯಾಬಿನವರು ರಿಪೋರ್ಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿರಲಿಲ್ಲ. ನೆಂಟರ ಮಗ ರಾತ್ರಿ ಸ್ಕೂಟರ್‌ನಲ್ಲಿ ಹೋಗಿ, ಅವರ ಎದುರಿಗೇ ನಿಂತು ಸರಿಮಾಡಿಸಿ ತಂದ. ಕೈಗೆ ಬಂದ ಕೂಡಲೇ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಸ್ವಾಬ್ ತೆಗೆದ ಸಮಯ ಈ ನಾಲ್ಕನ್ನೂ ನೋಡಿಕೊಳ್ಳಬೇಕಿತ್ತು.

ಅಮ್ಮ ಚಟ್ನಿಪುಡಿ, ಹುಳಿಪುಡಿ, ತುಪ್ಪ ಕಟ್ಟಿದ್ದರು. ತುಪ್ಪ ಮನೆಯಲ್ಲೇ ಬಿಟ್ಟೆವು, ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿನಲ್ಲಿ ಬಿಡುವುದಿಲ್ಲ.

ಫ್ರಾಂಕ್‌ಫರ್ಟ್‌ನಿಂದ ಹೈಡೆಲ್‌ಬರ್ಗ್ ಸುಮಾರು 80 ಕಿಲೋಮೀಟರ್. ಅಡುಗೆಮನೆ ಇರುವ ಸಣ್ಣ ಫ್ಲಾಟ್ ಹಿಡಿದಿದ್ದೆ. ಕ್ವಾರಂಟೈನ್‌ನಲ್ಲಿ ಹೊರಗೆ ಕಾಲಿಡುವಂತಿರಲಿಲ್ಲ, ಅನ್ನ ಸಾರು ಮಾಡಿಕೊಳ್ಳಲು ಒಲೆ ಇದ್ದರೆ ರೋಗಿಗೆ ಅರ್ಧ ಬಲ. ಊರೆಲ್ಲ ಲಾಕ್‌ಡೌನ್, ಅಂಗಡಿಗೂ ಬಸ್ಸಿಗೂ ಮೆಡಿಕಲ್ ಮಾಸ್ಕ್ ಬೇಕೇ ಬೇಕಿತ್ತು. ನಮ್ಮ ಬಟ್ಟೆ ಮಾಸ್ಕ್ ನಡೆಯಲಿಲ್ಲ.

ಚಿಕಿತ್ಸೆಗೆ ಮೊದಲು ಮುಖದ ಅಚ್ಚು ತೆಗೆಯುತ್ತಾರೆ. ಬಿಸಿನೀರಲ್ಲಿ ಮೆದುವಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಕೂರಿಸುತ್ತಾರೆ, ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ದಿನಾ ಅದನ್ನು ಮೇಜಿಗೆ ಬಿಗಿದು ಕಿರಣ ಕೊಡುವುದು, ತಲೆ ಕೂದಲೆಳೆಯಷ್ಟೂ ಅಲುಗಬಾರದು. ಕೋವಿಡ್ ಕಾರಣ ನನ್ನನ್ನು ಒಳಗೆ ಬಿಡಲಿಲ್ಲ. ತಂಗಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. "ನೋವು", "ವಾಂತಿ ಬರ್ತಿದೆ", "ನಿಲ್ಲಿಸಿ", ಈ ಮಾತುಗಳನ್ನು ಕನ್ನಡದಲ್ಲೂ ಜರ್ಮನ್‌ನಲ್ಲೂ ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಅಲ್ಲಿನ ನರ್ಸ್ ಒಬ್ಬರು ಆ ಚೀಟಿ ನೋಡಿ "ನೋವು" ಅನ್ನುವುದನ್ನು ಕಲಿತುಬಿಟ್ಟರು. ದಿನಾ ಬೆಳಿಗ್ಗೆ ಅದನ್ನೇ ಕೇಳುತ್ತಿದ್ದರಂತೆ. ಆ ತಾಯಿಯನ್ನು ನಾನು ಮರೆಯಲಾರೆ.

ವಾಪಸ್ ಬರುವಾಗ ಭಾರತ ಸರ್ಕಾರದ ಏರ್ ಸುವಿಧಾ ಪೋರ್ಟಲ್‌ನಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ರಿಪೋರ್ಟ್ ಹಾಕಬೇಕಿತ್ತು. ಫೆಬ್ರುವರಿ ಕೊನೆಯಿಂದ ಯುರೋಪಿನಿಂದ ಬಂದವರು ಇಳಿದ ಮೇಲೂ ಸ್ವಂತ ದುಡ್ಡಲ್ಲಿ ಮತ್ತೊಂದು ಟೆಸ್ಟ್ ಮಾಡಿಸಬೇಕು ಅಂತಾಯಿತು. ಏಪ್ರಿಲ್‌ನಲ್ಲಿ ಜರ್ಮನಿ ಭಾರತದಿಂದ ಬರುವವರಿಗೆ ಹೆಚ್ಚುಕಡಿಮೆ ಬಾಗಿಲೇ ಹಾಕಿತು. ಅಷ್ಟರಲ್ಲಿ ನಾವು ಮನೆ ಸೇರಿದ್ದೆವು.

ಈಗ ಅವಳ ಎಂಆರ್‌ಐ ಮೈಸೂರಲ್ಲೇ ಆಗುತ್ತದೆ. ಕಿರಣ ಪಿಟ್ಯುಟರಿ ಗ್ರಂಥಿಯ ಹತ್ತಿರ ಹಾದಿರುವುದರಿಂದ ಹಾರ್ಮೋನ್ ರಕ್ತಪರೀಕ್ಷೆಯನ್ನೂ ತಪ್ಪದೆ ಮಾಡಿಸುತ್ತೇವೆ. ಚಿತ್ರಗಳ ಸಿಡಿಯನ್ನು ಹೈಡೆಲ್‌ಬರ್ಗ್‌ಗೂ ಕಳಿಸುತ್ತೇವೆ. ಉಳಿದಿದ್ದ ಗಡ್ಡೆ ಇದುವರೆಗೆ ಬೆಳೆದಿಲ್ಲ.