ಮರದ ನೆರಳಿಗೆ ಒಂದೆಲಗದ ಹಾಸು

ಮಾವು, ಹಲಸಿನ ಮರದ ಕೆಳಗೆ ಲಾನ್ ಹುಲ್ಲು ಚೆನ್ನಾಗಿ ಬರುವುದಿಲ್ಲ. ಅದಕ್ಕೆ ಬಿಸಿಲು ಬೇಕು. ಆ ಜಾಗಕ್ಕೆ ಒಪ್ಪುವ ಗಿಡ ನಮ್ಮ ನೆಲದಲ್ಲೇ ಇದೆ, ಒಂದೆಲಗ. ತುಳುನಾಡಿನವರ ತಿಮರೆ. ತೇವ ಸಿಕ್ಕರೆ ವರ್ಷವಿಡೀ ಹಸಿರು. ನೆಲಕ್ಕೆ ಅಂಟಿ ಹಬ್ಬುತ್ತಾ ಗೆಣ್ಣಿನಲ್ಲಿ ಬೇರು ಬಿಡುವುದರಿಂದ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುವುದೂ ಕಡಿಮೆ.

ಎಲೆಗಳ ಸಂದಿಯಿಂದ ಬೆಳಕು ಬೀಳುವ ಜಾಗ ಆರಿಸಿ. ನೆರಳು ತೀರಾ ದಟ್ಟವಾದರೆ ತೊಟ್ಟು ಮಾತ್ರ ಉದ್ದವಾಗಿ ಹಾಸು ತೆಳುವಾಗುತ್ತದೆ. ಆಗ ತಗ್ಗಿನ ಒಂದೆರಡು ಕೊಂಬೆ ಸವರಿ.

ಮಣ್ಣು ಸಿದ್ಧ ಮಾಡುವಾಗ ದಯವಿಟ್ಟು ಗುದ್ದಲಿ ಆಳಕ್ಕೆ ಹಾಕಬೇಡಿ. ಮರ ಆಹಾರ ಹೀರುವ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲೇ ಇರುತ್ತವೆ. ಎರಡು ಇಂಚು ಕೆದಕಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು. ಕಾಂಡಕ್ಕೆ ತಾಗುವಂತೆ ಮಣ್ಣು ಏರಿಸಬೇಡಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ. ಬೀಜಕ್ಕಿಂತ ಬೇರು ಬಂದ ಬಳ್ಳಿ ತುಂಡೇ ಸುಲಭ. ಪರಿಚಯದವರ ತೋಟದಲ್ಲಿದ್ದರೆ ಒಂದು ಹಿಡಿ ಕೇಳಿ ತನ್ನಿ. ಗೇಣಿಗೊಂದರಂತೆ ಇಟ್ಟು, ಗೆಣ್ಣನ್ನು ಮಣ್ಣಲ್ಲಿ ಒತ್ತಿ, ಎಲೆ ಮೇಲೆ ಬಿಡಿ. ಮಳೆ ಬಿಡುವು ಕೊಟ್ಟ ದಿನ ನೀರು ಹಾಕಿ.

ಮೊದಲ ಎರಡು ಮೂರು ತಿಂಗಳೇ ಮುಖ್ಯ. ಹಾಸು ಕೂಡಿಕೊಳ್ಳುವ ತನಕ ಕಳೆ ಕೈಯಲ್ಲೇ ಕೀಳಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಗರಿಕೆ ಗೆಲ್ಲುತ್ತದೆ. ಸಣ್ಣ ತರಗೆಲೆ ಉದುರಿದರೆ ಇರಲಿ, ಕೊಳೆತು ಗೊಬ್ಬರವಾಗುತ್ತದೆ. ಹಲಸಿನ ಎಲೆ, ಅಡಿಕೆ ಸೋಗೆ ಮಾತ್ರ ಹಾಸನ್ನು ಉಸಿರುಗಟ್ಟಿಸುತ್ತವೆ. ಅವನ್ನು ಕೈಯಿಂದ ಎತ್ತಿ. ಪೊರಕೆ ಜೋರಾಗಿ ಎಳೆದರೆ ಎಳೆ ಬಳ್ಳಿಯೂ ಕಿತ್ತು ಬರುತ್ತದೆ.

ಮಳೆಗಾಲದ ಕಾಟ ಬಸವನಹುಳು. ತಿನ್ನುವ ಸೊಪ್ಪು ಇದು, ವಿಷ ಹಾಕುವುದು ಬೇಡ ಅಲ್ವಾ? ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಗ್ಲೌಸ್ ಹಾಕಿಕೊಂಡು ಹೆಕ್ಕಿ. ಬೇಸಿಗೆಯಲ್ಲಿ ಮಣ್ಣು ಒಣಗದಂತೆ ಸಂಜೆ ನೀರು ಕೊಡಿ. ಎಲೆ ಬಾಡಿದರೂ ಬೇರು ಜೀವಂತವಿದ್ದರೆ ಮಳೆಗೆ ಮತ್ತೆ ಚಿಗುರುತ್ತದೆ.

ಹಾಸು ತುಂಬಿದ ಮೇಲೆ ತಂಬುಳಿಗೆ, ಚಟ್ನಿಗೆ ಎಲೆ ಕೊಯ್ಯಬಹುದು. ಬಳ್ಳಿ ಎಳೆಯಬೇಡಿ, ತೊಟ್ಟು ಕತ್ತರಿಸಿ. ಬಚ್ಚಲು ನೀರು ಹರಿಯುವ ಕಡೆ, ರಸ್ತೆ ಚರಂಡಿಯ ಪಕ್ಕ ಬೆಳೆದದ್ದನ್ನು ತಿನ್ನಲು ಬಳಸಬೇಡಿ. ಮಣ್ಣಿನ ಸೀಸದಂಥ ಲೋಹಗಳನ್ನೂ ಈ ಗಿಡ ಹೀರಿಕೊಳ್ಳುತ್ತದೆ. ಕಾಲುದಾರಿಗೆ ಚಾಚಿದ ಬಳ್ಳಿಗಳನ್ನು ಬೇರು ಸಮೇತ ಎಬ್ಬಿಸಿ, ಖಾಲಿ ಉಳಿದ ಕಡೆ ನೆಡಿ.