ಇಂಡಿಯಾ ಗೇಟ್, ಯುದ್ಧ ಸ್ಮಾರಕ: ಯೋಧರ ಹೆಸರು ಹುಡುಕಿ ಹೋಗುವವರಿಗೆ

ದೆಹಲಿಗೆ ಹೋದ ಎಷ್ಟೋ ಜನ ಕಾರ್ಗಿಲ್ ಯೋಧರ ಹೆಸರನ್ನು ಇಂಡಿಯಾ ಗೇಟ್‌ನ ಗೋಡೆಯಲ್ಲಿ ಹುಡುಕುತ್ತಾರೆ. ಅದು ಅಲ್ಲಿಲ್ಲ. 42 ಮೀಟರ್ ಎತ್ತರದ ಆ ಕಮಾನು 1931ರಲ್ಲಿ ಉದ್ಘಾಟನೆಯಾದದ್ದು. ಅದರ ಮೇಲಿರುವುದು ಮೊದಲ ಮಹಾಯುದ್ಧದಲ್ಲಿ ಮತ್ತು 1919ರ ಆಫ್ಘನ್ ಯುದ್ಧದಲ್ಲಿ ಮಡಿದವರ ಹೆಸರು. ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟವರ ಹೆಸರಿಗೆ ಕಮಾನು ದಾಟಿ, ನೇತಾಜಿ ಪ್ರತಿಮೆಯಿರುವ ಮಂಟಪವನ್ನೂ ದಾಟಿ, 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಹೋಗಬೇಕು. ಕಮಾನಿನಡಿ ಉರಿಯುತ್ತಿದ್ದ ಅಮರ್ ಜವಾನ್ ಜ್ಯೋತಿಯನ್ನೂ 2022ರ ಜನವರಿಯಲ್ಲಿ ಅಲ್ಲಿನ ಜ್ಯೋತಿಯೊಂದಿಗೆ ಸೇರಿಸಲಾಗಿದೆ.

ಮೆಟ್ರೋದಲ್ಲಿ ಬಂದರೆ ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಇಳಿಯಿರಿ. ಅಲ್ಲಿಂದ ಕರ್ತವ್ಯ ಪಥದುದ್ದಕ್ಕೂ ಸುಮಾರು 2 ಕಿಲೋಮೀಟರ್ ನಡಿಗೆ. ವಯಸ್ಸಾದವರು ಜೊತೆಗಿದ್ದರೆ ಆಟೋ ಹಿಡಿಯುವುದೇ ಸರಿ. ಪ್ರವೇಶ ಉಚಿತ. ಬಾಗಿಲಲ್ಲಿ ತಪಾಸಣೆ ಇರುವುದರಿಂದ ದೊಡ್ಡ ಬ್ಯಾಗ್ ತರಬೇಡಿ.

ಒಳಗೆ ಒಂದರೊಳಗೊಂದು ನಾಲ್ಕು ವೃತ್ತಗಳಿವೆ. ನಡುವಿನ ಅಮರ ಚಕ್ರದಲ್ಲಿ ಸ್ತಂಭ ಮತ್ತು ಜ್ಯೋತಿ, ಅದರ ಸುತ್ತ ವೀರತಾ ಚಕ್ರದಲ್ಲಿ ಲೋಂಗೇವಾಲಾ, ರೆಜಾಂಗ್ ಲಾ ಸೇರಿ ಆರು ಕಾಳಗಗಳ ಕಂಚಿನ ಉಬ್ಬುಚಿತ್ರಗಳು. ಮುಖ್ಯವಾದದ್ದು ಮೂರನೆಯ ತ್ಯಾಗ ಚಕ್ರ. ಚಕ್ರವ್ಯೂಹದಂತೆ ಬಳಸಿ ನಿಂತ ಗೋಡೆಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಫಲಕ. ಅಕ್ಷರಗಳು ಬಂಗಾರದ ಬಣ್ಣದವು. ಹೀಗೆ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಬರೀ ಹೆಸರು ಹಿಡಿದು ಬಂದರೆ ಪರದಾಡಬೇಕಾಗುತ್ತದೆ, ಏಕೆಂದರೆ ಒಂದೇ ಹೆಸರಿನವರು ಹಲವರಿರುತ್ತಾರೆ. ಯೋಧರ ರ‍್ಯಾಂಕ್, ರೆಜಿಮೆಂಟ್, ಮಡಿದ ವರ್ಷವನ್ನು ಮನೆಯಲ್ಲೇ ಬರೆದುಕೊಂಡು ಬನ್ನಿ. ಸ್ಮಾರಕದ ಅಧಿಕೃತ ಜಾಲತಾಣದಲ್ಲಿ ಮೊದಲೇ ಹುಡುಕಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಹೊರಗಿನ ರಕ್ಷಕ ಚಕ್ರ ಮರಗಳ ಸಾಲು. ಪಕ್ಕದ ಪರಮ ಯೋಧ ಸ್ಥಳದಲ್ಲಿ 21 ಪರಮವೀರ ಚಕ್ರ ಪುರಸ್ಕೃತರ ಪ್ರತಿಮೆಗಳಿವೆ. ಅದನ್ನು ತಪ್ಪಿಸಬೇಡಿ.

ಮೇ, ಜೂನ್‌ನ ಮಧ್ಯಾಹ್ನ ಕಲ್ಲಿನ ನೆಲ ಕಾದು ನಿಲ್ಲಲಾಗುವುದಿಲ್ಲ, ನೆರಳೂ ಕಡಿಮೆ. ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲು ಒಳಗಿದ್ದರೆ ಹೆಸರು ಹುಡುಕಲು ಬೆಳಕಿರುತ್ತದೆ. ಸಂಜೆ ಹುತಾತ್ಮರೊಬ್ಬರ ಮನೆಯವರು ಹೂಗುಚ್ಛವಿಡುವ ಕಾರ್ಯಕ್ರಮವನ್ನೂ ನೋಡಬಹುದು. ಆಗ ಫೋನ್ ಸೈಲೆಂಟ್ ಮಾಡಿ, ಸೆಲ್ಫಿಗೆಂದು ಆ ಕುಟುಂಬದ ಮುಂದೆ ನುಗ್ಗಬೇಡಿ. ಜನವರಿಯಲ್ಲಿ ಗಣರಾಜ್ಯೋತ್ಸವದ ತಾಲೀಮಿಗಾಗಿ ಸುತ್ತಲಿನ ರಸ್ತೆಗಳನ್ನು ಮುಚ್ಚುತ್ತಾರೆ. ಹೊರಡುವ ಮುನ್ನ ಸಂಚಾರ ಪೊಲೀಸರ ಪ್ರಕಟಣೆ ನೋಡಿಕೊಳ್ಳಿ.