ವಿಮಾನದ ಸೈಲೆನ್ಸರ್ ಸೋರುತ್ತಿದೆಯೇ? ಹೀಟರ್ ಹಾಕುವ ಮುನ್ನ ನೋಡಿ

ಬೆಂಗಳೂರಿನ ಜಕ್ಕೂರು ವಾಯುನೆಲೆಯ ಸುತ್ತ ಓಡಾಡುವವರಿಗೆ ಸೆಸ್ನಾ 172ರ ಸದ್ದು ಪರಿಚಿತ. ಈ ಪುಟ್ಟ ವಿಮಾನದ ಸೈಲೆನ್ಸರ್ ಬಿರುಕು ಬಿಟ್ಟರೆ ಸದ್ದು ಹೆಚ್ಚುವುದಷ್ಟೇ ಅಲ್ಲ, ಒಳಗೆ ಕುಳಿತವರ ಜೀವಕ್ಕೇ ಕುತ್ತು. ಏಕೆಂದರೆ ಬೆಚ್ಚನೆಯ ಗಾಳಿ ಬರುವುದೇ ಅಲ್ಲಿಂದ. ಸೈಲೆನ್ಸರಿಗೆ ತೆಳು ತಗಡಿನ ಕವಚ ತೊಡಿಸಿ, ನಡುವಿನ ಸಂದಿಯಲ್ಲಿ ಹೊರಗಾಳಿಯನ್ನು ಹಾಯಿಸಿ, ಬಿಸಿಯಾದ ಮೇಲೆ ಕ್ಯಾಬಿನ್ನಿಗೆ ಬಿಡುತ್ತಾರೆ. ಕವಚದೊಳಗಿನ ಸೈಲೆನ್ಸರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ಗಾಳಿಯ ಜೊತೆ ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. 2019ರ ಜನವರಿ 21ರಂದು ಒಂಟಿ ಪಿಸ್ಟನ್ ಎಂಜಿನ್ನಿನ ಪೈಪರ್ ಮಾಲಿಬು ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು. ಅದರಲ್ಲಿದ್ದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಲಾ ಅವರ ರಕ್ತದಲ್ಲಿ ಶೇ 58ರಷ್ಟು ಹಿಮೋಗ್ಲೋಬಿನ್ ಈ ಅನಿಲದ ವಶವಾಗಿತ್ತು.

ಕಳಚುವ, ಜೋಡಿಸುವ ಕೆಲಸ ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್‌ನದು. ಆದರೆ ಸೋರಿಕೆಯ ಗುರುತು ಹಿಡಿಯುವುದು ವಿಮಾನ ಹಾರಿಸುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಟಾರ್ಚು ಹಿಡಿಯಿರಿ. ವಿಮಾನದ ಪೆಟ್ರೋಲಿನಲ್ಲಿ ಸೀಸ ಇರುವುದರಿಂದ, ಹೊಗೆ ಸೋರಿದ ಕಡೆ ವಿಭೂತಿ ಬಳಿದಂತೆ ಬಿಳಿ ಅಥವಾ ಬೂದು ಬಣ್ಣದ ಪುಡಿ ಗೆರೆಯಾಗಿ ಕೂತಿರುತ್ತದೆ. ಸಿಲಿಂಡರಿಗೆ ಕೊಳವೆ ಕೂಡುವ ಚಪ್ಪಟೆ ಅಂಚು ಅಂದರೆ ಫ್ಲ್ಯಾಂಜ್, ಬೆಸುಗೆಯ ಅಂಚು, ಕ್ಲ್ಯಾಂಪಿನ ಕೆಳಭಾಗ ಇವನ್ನು ಮೊದಲು ನೋಡಿ. ಹತ್ತಿರದ ವೈರು, ರಬ್ಬರ್ ಕೊಳವೆಗಳು ಸುಟ್ಟು ಗಡುಸಾಗಿದ್ದರೂ ಅನುಮಾನಿಸಿ.

ಬಳಿಕ ಸೈಲೆನ್ಸರಿನ ಕವಚವನ್ನು ಬಿಚ್ಚಿಸಿ. ಸಮಯ ಹಿಡಿಯುತ್ತದೆ ಎಂದು ಇದನ್ನೇ ಬಿಟ್ಟುಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ. ಅತಿ ಅಪಾಯದ ಬಿರುಕು ಅಡಗಿರುವುದು ಅದರಡಿಯಲ್ಲೇ. ಹಿಂದಿನ ಕೊಳವೆಯ ಬಾಯಿಯಿಂದಲೂ ಒಳಗೆ ಬೆಳಕು ಬಿಟ್ಟು ನೋಡಿ. ಒಳಗಿನ ತಗಡು ಮುರಿದು ಹೊಗೆಯ ದಾರಿಗೆ ಅಡ್ಡ ಬಿದ್ದರೆ ಎಂಜಿನ್ನಿನ ಶಕ್ತಿಯೇ ಕುಂದುತ್ತದೆ.

ಕಣ್ಣಿಗೆ ಕಾಣದ್ದನ್ನು ಸೋಪು ನೀರು ತೋರಿಸುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುವ ಕ್ರಮವೇ ಇದು. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬರುವ ಕಡೆಯಿಂದ ಕೊಳವೆಯ ಬಾಯಿಗೆ ಗಾಳಿ ಕೊಡಿ. ಒತ್ತಡ 2 ಪಿಎಸ್‌ಐ (ಚದರ ಇಂಚಿಗೆ 2 ಪೌಂಡ್) ದಾಟಬಾರದು. ಕೀಲುಗಳಿಗೆ, ಬೆಸುಗೆಗಳಿಗೆ ಸೋಪು ನೀರು ಸಿಂಪಡಿಸಿ. ಒಂದು ಕೊಳವೆ ಇನ್ನೊಂದರೊಳಗೆ ಸರಿಯುವ ಜಾರು ಕೀಲುಗಳಲ್ಲಿ ತಣ್ಣಗಿರುವಾಗ ಅಲ್ಪಸ್ವಲ್ಪ ಗುಳ್ಳೆ ಬರುವುದುಂಟು, ಕಾದಾಗ ಅವು ಹಿಗ್ಗಿ ಬಿಗಿಯಾಗುತ್ತವೆ. ಕೊಳವೆಯ ಮೈಯಿಂದಲೋ ಬೆಸುಗೆಯಿಂದಲೋ ಗುಳ್ಳೆ ಎದ್ದರೆ ವಿಮಾನ ಹಾರಲೇಬಾರದು.

ಸಿಕ್ಕಿದ ಜಾಗವನ್ನು ಪೆನ್ಸಿಲಿನಿಂದ ಗುರುತಿಸಬೇಡಿ. ಅದರ ಇಂಗಾಲ, ಕೊಳವೆ ಕಾದಾಗ ಲೋಹದೊಳಗೆ ಇಳಿದು ಅಲ್ಲೇ ಹೊಸ ಬಿರುಕಿಗೆ ದಾರಿ ಮಾಡುತ್ತದೆ. ಸೀಮೆಸುಣ್ಣ ಸಾಕು. ಸತುವಿನ ಲೇಪವಿರುವ ಉಪಕರಣಗಳನ್ನೂ ತಾಗಿಸಬಾರದು.

ಫ್ಲ್ಯಾಂಜಿನಲ್ಲಿ ಸೋರಿದರೆ ನಟ್ಟನ್ನು ಇನ್ನಷ್ಟು ಬಿಗಿದು ಸುಮ್ಮನಾಗುವುದು ತಪ್ಪು. ಕಳಚಿ, ನಡುವೆ ಸೋರದಂತೆ ಇಡುವ ಹಳೆಯ ಗ್ಯಾಸ್ಕೆಟ್ ಎಸೆದು, ಫ್ಲ್ಯಾಂಜ್ ಬಾಗಿದೆಯೇ ಎಂದು ಸಮತಟ್ಟಾದ ಹಲಗೆಯ ಮೇಲಿಟ್ಟು ನೋಡಬೇಕು. ಸಿಲಿಂಡರಿನ ಅಲ್ಯೂಮಿನಿಯಂ ಮುಖವನ್ನು ಬಿಸಿ ಹೊಗೆ ಕೊರೆದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಬಾಳುವುದಿಲ್ಲ. ನಟ್ಟುಗಳನ್ನು ಕೈಪಿಡಿ ಹೇಳಿದ ಅಳತೆಗೇ ಟಾರ್ಕ್ ವ್ರೆಂಚಿನಿಂದ (ಬಿಗಿತ ಅಳೆಯುವ ಪಾನಾ) ಬಿಗಿಯಬೇಕು. ಬಿರುಕು ಬಿಟ್ಟ ಸೈಲೆನ್ಸರಿಗೆ ಅಂಟು ಮೆತ್ತುವುದು, ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯುವುದು ಎರಡೂ ಕೂಡದು. ಮಾನ್ಯತೆ ಪಡೆದ ದುರಸ್ತಿ ಕೇಂದ್ರಕ್ಕೆ ಕಳಿಸಿ ಅಥವಾ ಬದಲಿಸಿ.

ಜೋಡಿಸಿದ ಮೇಲೆ ಸೋಪು ನೀರಿನ ಪರೀಕ್ಷೆ ಮತ್ತೊಮ್ಮೆ ಆಗಲಿ. ನಂತರ ನೆಲದ ಮೇಲೆಯೇ ಎಂಜಿನ್ ಓಡಿಸಿ, ಹೀಟರ್ ಹಾಕಿ, ಕ್ಯಾಬಿನ್ನಿನಲ್ಲಿ ಎಲೆಕ್ಟ್ರಾನಿಕ್ ಕಾರ್ಬನ್ ಮಾನಾಕ್ಸೈಡ್ ಮಾಪಕ ಇಟ್ಟು ನೋಡಿ. ಬಣ್ಣ ಬದಲಿಸುವ ಕಾಗದದ ಬಿಲ್ಲೆಯನ್ನು ನಾನು ನಂಬುವುದಿಲ್ಲ: ಅದು ಕೂಗಿ ಎಚ್ಚರಿಸುವುದಿಲ್ಲ, ಕೆಲವೇ ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ.

ಹಾರುವಾಗಲೇ ಮಾಪಕ ಕೂಗಿದರೆ, ಅಥವಾ ತಲೆನೋವು, ಮಂಕು ಕವಿದರೆ, ಹೀಟರ್ ಮುಚ್ಚಿ. ಹೊರಗಾಳಿಯ ಕಿಂಡಿಗಳನ್ನೆಲ್ಲ ತೆರೆಯಿರಿ, ಆಮ್ಲಜನಕವಿದ್ದರೆ ಮುಖಕ್ಕೆ ಹಾಕಿಕೊಳ್ಳಿ, ನಿಯಂತ್ರಣ ಗೋಪುರಕ್ಕೆ ತಿಳಿಸಿ ಹತ್ತಿರದ ನಿಲ್ದಾಣದಲ್ಲಿ ಇಳಿಯಿರಿ.